ರಾತ್ರಿ ಕಪ್ಪು ಧೂಳು, ಬೆಳಿಗ್ಗೆ ಆ್ಯಪ್‌ನಲ್ಲಿ ಹಸಿರು: ಊರ ಗಾಳಿ ನಾವೇ ಅಳೆಯೋದು ಹೇಗೆ?

ಕೊಪ್ಪಳದ ತಮ್ಮ:
ಎಲ್ಲರಿಗೂ ನಮಸ್ಕಾರ. ನಮ್ಮದು ಕೊಪ್ಪಳದಿಂದ ಹೊಸಪೇಟೆ ಕಡೆ ಹೋಗುವ ದಾರಿಯ ಒಂದು ಹಳ್ಳಿ. ಸುತ್ತ ಸ್ಪಾಂಜ್ ಐರನ್, ಉಕ್ಕು, ಬೀಡು ಕಬ್ಬಿಣ, ಎಲ್ಲಾ ಥರದ ಫ್ಯಾಕ್ಟರಿ ಇವೆ. ಕಂಪನಿ ಹೆಸರು ಬರೆಯುವುದಿಲ್ಲ, ಬೇರೆಯವರೂ ಬರೆಯಬೇಡಿ, ಸುಮ್ನೆ ಕೇಸು ಗೀಸು ಯಾಕೆ. ಹೋದ ವಾರ ಒಂದು ರಾತ್ರಿ ಎಂಥಾ ಹೊಗೆ ಬಂತೆಂದರೆ, ಬೆಳಿಗ್ಗೆ ಎದ್ದು ನೋಡಿದರೆ ಮಾಳಿಗೆ, ನೀರಿನ ಟ್ಯಾಂಕಿನ ಮುಚ್ಚಳ, ಹೊರಗೆ ಒಣಗಲು ಹಾಕಿದ್ದ ಬಟ್ಟೆ ಎಲ್ಲದರ ಮೇಲೂ ಕಪ್ಪು ಪುಡಿ. ಮೇವಿನ ಬಣವೆ ಮೇಲೂ ಕೂತಿದೆ. ಎತ್ತು ಮೂಸಿ ನೋಡಿ ಬಾಯಿ ಹಾಕಲಿಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿಗೆ ಫೋನ್ ಮಾಡಿ ಹೇಳಿದೆವು. ಎರಡು ದಿನ ಬಿಟ್ಟು, ಮಧ್ಯಾಹ್ನ ಬಿಸಿಲಲ್ಲಿ, ಒಂದು ಜೀಪು ಬಂತು. ಅಷ್ಟೊತ್ತಿಗೆ ಆಕಾಶ ತೊಳೆದಂಗೆ ಇತ್ತು. 'ಎಲ್ಲಾ ನಾರ್ಮಲ್ ಇದೆಯಲ್ಲ' ಅಂತ ಬರೆದುಕೊಂಡು ಹೋದರು. ಮೊಬೈಲ್ ಆ್ಯಪ್ ತೆಗೆದರೆ ಅದೂ ಕೊಪ್ಪಳ ಅಂತ ಹಸಿರು ಬಣ್ಣ ತೋರಿಸುತ್ತದೆ.
ಈಗ ಊರವರು ಪಟ್ಟಿ ಎತ್ತಿ ಒಂದು ಮೀಟರ್ ತರೋಣ ಅನ್ನುತ್ತಿದ್ದಾರೆ. ಆನ್‌ಲೈನ್‌ನಲ್ಲಿ ಸಾವಿರಕ್ಕೂ ಇದೆ, ಲಕ್ಷಕ್ಕೂ ಇದೆ. ಯಾವುದು ತಗೊಳ್ಳಬೇಕು? ತಗೊಂಡರೆ ಅದನ್ನು ಯಾರಾದರೂ ನಂಬುತ್ತಾರಾ?

ಶಿಫ್ಟ್ ಬಿ:
ಶುರುವಾಯಿತು ನೋಡಿ.

ತಿರುಪುಳಿ:
ತಮ್ಮಾ, ಮೊದಲು ಆ ಹಸಿರು ಬಣ್ಣದ ವಿಷಯ ಮುಗಿಸೋಣ. ನಾನು ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ಕೆಲಸ ಮಾಡುವವನು, ಹವ್ಯಾಸಕ್ಕೆ ಧೂಳಿನ ಮೀಟರ್ ಜೋಡಿಸುತ್ತೇನೆ. ಕೊಪ್ಪಳದಲ್ಲಿ ದಿನಪೂರ್ತಿ ಓಡುವ ಸರ್ಕಾರಿ ಯಂತ್ರ ಇರುವುದು ದಿವಟರ್ ನಗರದಲ್ಲಿ. ಅಂದರೆ ಪಟ್ಟಣದ ಒಳಗೆ. ನಿಮ್ಮ ಹಳ್ಳಿಗಳು ಇರುವುದು ಅದರ ಪೂರ್ವಕ್ಕೆ. ಆ ರಾತ್ರಿ ಗಾಳಿ ಪಡುವಣದಿಂದ ಬೀಸಿದ್ದರೆ ನಿಮ್ಮ ಹೊಗೆ ಆ ಯಂತ್ರದ ಹತ್ತಿರ ಸುಳಿದೇ ಇರುವುದಿಲ್ಲ. ಅದು ಸುಳ್ಳು ಹೇಳುತ್ತಿಲ್ಲ, ಅದು ನಿಂತ ಜಾಗದ ಮಾತು ಹೇಳುತ್ತಿದೆ ಅಷ್ಟೇ. ಇನ್ನು ಕೆಲವು ಆ್ಯಪ್‌ಗಳು ಹತ್ತಿರ ಯಂತ್ರ ಇಲ್ಲದ ಕಡೆ ಉಪಗ್ರಹ ನೋಡಿ, ಲೆಕ್ಕ ಹಾಕಿ ಅಂದಾಜು ತೋರಿಸುತ್ತವೆ. ಅದರಲ್ಲಿ ನಿಮ್ಮ ಪಕ್ಕದ ಚಿಮಣಿ ಕಾಣುವ ಮಾತೇ ಇಲ್ಲ.
ಎರಡನೆಯದು, ಆ್ಯಪ್ ಬಣ್ಣ ಹಚ್ಚಿ ತೋರಿಸುವ ಎಕ್ಯೂಐ, ಅಂದರೆ ಗಾಳಿ ಗುಣಮಟ್ಟದ ಸೂಚ್ಯಂಕ, ಅನ್ನುವುದು ಧೂಳಿನ ಮಟ್ಟಿಗೆ 24 ಗಂಟೆಯ ಸರಾಸರಿ. ಒಂದು ಲೆಕ್ಕ ಹಾಕಿ. ರಾತ್ರಿ 3 ಗಂಟೆ ಕಾಲ ಪಿಎಂ 2.5 ಅನ್ನುವ ಸಣ್ಣ ಧೂಳು ಒಂದು ಘನ ಮೀಟರ್ ಗಾಳಿಯಲ್ಲಿ 300 ಮೈಕ್ರೋಗ್ರಾಂ ಇತ್ತು ಅಂದುಕೊಳ್ಳಿ. ಉಸಿರು ಕಟ್ಟುವಷ್ಟು. ಉಳಿದ 21 ಗಂಟೆ 30 ಇತ್ತು. ಸರಾಸರಿ ಸುಮಾರು 64 ಬರುತ್ತದೆ. ದೇಶದ ಮಿತಿಯೇ 24 ಗಂಟೆಗೆ 60. 'ಸ್ವಲ್ಪ ಜಾಸ್ತಿ ಅಷ್ಟೇ' ಅಂತ ಹೇಳಿ ಕೈ ತೊಳೆದುಕೊಳ್ಳಬಹುದು. ಅದಕ್ಕೇ ಆ್ಯಪ್ ಬಿಡಿ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಜಾಲತಾಣಕ್ಕೆ ಹೋಗಿ. ಅಲ್ಲಿ ಪ್ರತಿ ಯಂತ್ರದ 15 ನಿಮಿಷದ, ಒಂದು ಗಂಟೆಯ ಅಂಕಿ ಪುಕ್ಕಟೆ ಸಿಗುತ್ತದೆ. ಘಟನೆ ನಡೆದ ರಾತ್ರಿಯದನ್ನು ಇವತ್ತೇ ಇಳಿಸಿ ಇಟ್ಟುಕೊಳ್ಳಿ.

ಅಕ್ಕೋರು:
ನಾನೂ ಆ ಕಡೆಯ ಶಾಲೆಯಲ್ಲಿ ಪಾಠ ಮಾಡುವವಳೇ. ಬೆಳಿಗ್ಗೆ ಮಕ್ಕಳು ಬರುವ ಮೊದಲು ಬೆಂಚು ಒರೆಸಿದರೆ ಬಟ್ಟೆ ಕಪ್ಪಾಗುತ್ತದೆ. ಪ್ರಾರ್ಥನೆ ಹೊತ್ತಿಗೆ ಕೆಮ್ಮು ಶುರು. ಇದನ್ನು ಯಾವ ಅಂಕಿಯಲ್ಲಿ ಹೇಳಬೇಕು ಅಂತ ನನಗೂ ಗೊತ್ತಾಗಬೇಕಿತ್ತು. ತಿರುಪುಳಿ ಅವರೇ, ಆ 15 ನಿಮಿಷದ ಅಂಕಿ ಮೊಬೈಲಿನಲ್ಲೇ ಸಿಗುತ್ತದಾ?

ತಿರುಪುಳಿ:
ಸಿಗುತ್ತದೆ ಅಕ್ಕೋರೆ. ಆದರೆ ಕಂಪ್ಯೂಟರ್‌ನಲ್ಲಿ ಸಲೀಸು.

ಶಿಫ್ಟ್ ಬಿ:
ನನ್ನ ಮಾತೂ ಕೇಳಿ. ನಾನು ಇಂಥದ್ದೇ ಒಂದು ಕಾರ್ಖಾನೆಯಲ್ಲಿ ದುಡಿಯುತ್ತೇನೆ. ಮಳೆ ನಂಬಿದ ಹೊಲದಲ್ಲಿ ಸಜ್ಜೆ ಬೆಳೆದು ಸಾಲ ತೀರಿಸಲು ಆಗಲಿಲ್ಲ ಅಂತಲೇ ಒಳಗೆ ಹೋದವನು. ನಮ್ಮಂಥವರು ಸಾವಿರಾರು ಜನ ಇದ್ದೇವೆ. ಧೂಳು ಇಲ್ಲ ಅಂತ ನಾನು ಹೇಳುವುದಿಲ್ಲ, ನನ್ನ ಮನೆ ಮಾಳಿಗೆ ಮೇಲೂ ಬೀಳುತ್ತದೆ. ಆದರೆ ರಸ್ತೆ ನೋಡಿದ್ದೀರಾ? ಟಾರ್ಪಾಲ್ ಇಲ್ಲದ ಅದಿರಿನ ಲಾರಿ, ಕಲ್ಲಿದ್ದಲಿನ ಲಾರಿ, ಕಿತ್ತುಹೋದ ಮಣ್ಣಿನ ರಸ್ತೆ. ಅರ್ಧ ಧೂಳು ಅದರದ್ದೇ. ಎಲ್ಲದಕ್ಕೂ ಚಿಮಣಿ ತೋರಿಸಿದರೆ ಹೇಗೆ? ಮೀಟರ್ ಇಟ್ಟರೆ ಅದು ಲಾರಿ ಧೂಳು, ಇದು ಚಿಮಣಿ ಧೂಳು ಅಂತ ಬೇರೆ ಮಾಡಿ ಹೇಳುತ್ತದಾ?

ಹಳೇ ಲ್ಯಾಬ್:
ಶಿಫ್ಟ್ ಬಿ ಕೇಳಿದ್ದು ಈ ಚರ್ಚೆಯಲ್ಲೇ ಒಳ್ಳೆಯ ಪ್ರಶ್ನೆ. ನಾನು ಗಾಳಿ ನೀರು ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಮೀಟರ್ ಒಂದೇ ಇದ್ದರೆ ಬೇರೆ ಮಾಡಿ ಹೇಳುವುದಿಲ್ಲ. ಮೀಟರಿನ ಜೊತೆ ಹೊತ್ತು ಮತ್ತು ಗಾಳಿಯ ದಿಕ್ಕು ಬರೆದಿಟ್ಟರೆ ಬಹಳ ಮಟ್ಟಿಗೆ ಹೇಳುತ್ತದೆ.
ಲಾರಿ ಧೂಳು ಲಾರಿ ಓಡುವಾಗ ಏಳುತ್ತದೆ. ದಪ್ಪ ಕಣ, ಕೆಂಪು ಅಥವಾ ಕಂದು ಬಣ್ಣ, ರಸ್ತೆಯಿಂದ ದೂರ ಹೋದಂತೆ ಬೇಗ ಕಡಿಮೆಯಾಗುತ್ತದೆ. ಕಿಲ್ನ್, ಅಂದರೆ ಕುಲುಮೆಯ, ಹೊಗೆಯ ಕಥೆ ಬೇರೆ. ಸ್ಪಾಂಜ್ ಐರನ್ ಅಂದರೆ ಅದಿರು, ಕಲ್ಲಿದ್ದಲು, ಸ್ವಲ್ಪ ಡಾಲಮೈಟ್ ಹಾಕಿ ತಿರುಗುವ ಉದ್ದನೆಯ ಕುಲುಮೆಯಲ್ಲಿ ಕಾಯಿಸುವುದು. ಹೊರಬರುವ ಹೊಗೆಯನ್ನು ಇನ್ನೊಮ್ಮೆ ಸುಟ್ಟು, ತಣ್ಣಗೆ ಮಾಡಿ, ಇಎಸ್‌ಪಿ ಅನ್ನುವ ಪೆಟ್ಟಿಗೆಯೊಳಗೆ ಹಾಯಿಸುತ್ತಾರೆ. ಅದರಲ್ಲಿ ಹೈ ವೋಲ್ಟೇಜ್ ಕೊಟ್ಟ ತಂತಿ, ತಗಡು ಇರುತ್ತವೆ. ಧೂಳಿಗೆ ವಿದ್ಯುತ್ ಅಂಟಿ ತಗಡಿಗೆ ಹೋಗಿ ಹಿಡಿದುಕೊಳ್ಳುತ್ತದೆ. ಆಮೇಲೆ ಚಿಮಣಿಯಿಂದ ಬರುವ ಗಾಳಿಯಲ್ಲಿ ಒಂದು ಘನ ಮೀಟರಿಗೆ 100 ಮಿಲಿಗ್ರಾಂಗಿಂತ ಜಾಸ್ತಿ ಧೂಳು ಇರಬಾರದು ಅಂತ ಕಲ್ಲಿದ್ದಲು ಬಳಸುವ ಘಟಕಗಳಿಗೆ 2008ರಲ್ಲೇ ನಿಯಮ ಮಾಡಿದ್ದಾರೆ. ಇಎಸ್‌ಪಿ ಸರಿಯಾಗಿ ಓಡಿದರೆ ಇದು ಕಷ್ಟದ ಗುರಿ ಅಲ್ಲ.
ತೊಂದರೆ ಎರಡು ಕಡೆ. ಇಎಸ್‌ಪಿ ಕರೆಂಟು ತಿನ್ನುತ್ತದೆ, ರಿಪೇರಿ ಕೇಳುತ್ತದೆ. ಮತ್ತೆ, ಹೊಗೆ ಸುಡುವ ಕೋಣೆಯ ಮೇಲೆ ಒಂದು ಎಮರ್ಜೆನ್ಸಿ ಮುಚ್ಚಳ ಇರುತ್ತದೆ. ಕರೆಂಟು ಹೋದಾಗ, ಒಳಗೆ ಒತ್ತಡ ಹೆಚ್ಚಾದಾಗ ಅದು ತೆರೆಯಬೇಕು, ಇಲ್ಲದಿದ್ದರೆ ಅಪಾಯ. ಆದರೆ ಅದು ತೆರೆದಷ್ಟು ಹೊತ್ತು ಹೊಗೆ ಇಎಸ್‌ಪಿ ಕಡೆ ಹೋಗುವುದೇ ಇಲ್ಲ, ನೇರ ಆಕಾಶಕ್ಕೆ. ತಮ್ಮ ಹೇಳಿದಂಥ ಒಂದೇ ರಾತ್ರಿಯ ಕಪ್ಪು ಮಳೆಗೆ ಇಂಥದ್ದೇ ಏನಾದರೂ ಕಾರಣ ಇರಬಹುದು. ಇರಬಹುದು ಅಂದೆ, ಇದೆ ಅನ್ನಲಿಲ್ಲ.

ಶಿಫ್ಟ್ ಬಿ:
ಮುಚ್ಚಳದ ವಿಷಯ ಸರಿ ಸರ್. ಅದು ತೆರೆದರೆ ಲಾಗ್ ಪುಸ್ತಕದಲ್ಲಿ ಬರೆಯಬೇಕು. ಇದಕ್ಕಿಂತ ಜಾಸ್ತಿ ನಾನು ಹೇಳಲ್ಲ.

ಕಡತ:
ಇದಕ್ಕಿಂತ ಜಾಸ್ತಿ ಬೇಕಾಗಿಯೂ ಇಲ್ಲ ಅಣ್ಣಾ. ಇಷ್ಟು ಹೇಳಿದ್ದೇ ದೊಡ್ಡದು. ನಾನು ಕಾನೂನಿನ ಭಾಗಕ್ಕೆ ಆಮೇಲೆ ಬರುತ್ತೇನೆ.

ಕಡಲ ಬದಿ:
ಸುರತ್ಕಲ್ ಕಡೆಯಿಂದ ನನ್ನದೂ ಒಂದು ಮಾತು. ನಮಗೆ ಧೂಳಿಗಿಂತ ವಾಸನೆಯದ್ದೇ ಕಾಟ. ಜೋಕಟ್ಟೆ, ಕಳವಾರು ಕಡೆಯ ಜನ ಕೋಕ್ (ಎಣ್ಣೆ ಶುದ್ಧೀಕರಣದಲ್ಲಿ ಉಳಿಯುವ ಕಲ್ಲಿದ್ದಲಿನಂಥ ವಸ್ತು) ಪುಡಿ, ಗಂಧಕದ ವಾಸನೆ ಅಂತ ವರ್ಷಗಟ್ಟಲೆ ಹೋರಾಟ ಮಾಡಿದ್ದು ನಿಮಗೂ ಪೇಪರಿನಲ್ಲಿ ಓದಿ ಗೊತ್ತಿರಬಹುದು. ಮಂಗಳೂರಿನ ಎಕ್ಯೂಐ ಎಲ್ಲಿಂದ ಬರುತ್ತದೆ ಹೇಳಿ? ಕದ್ರಿಯಿಂದ. ಗುಡ್ಡದ ಮೇಲಿನ ಒಳ್ಳೇ ಗಾಳಿ ಮಾರಾಯ್ರೆ! ಜೋಕಟ್ಟೆ ಎಲ್ಲಿ, ಕದ್ರಿ ಎಲ್ಲಿ.
ನಾನೂ ಒಮ್ಮೆ ರೋಸಿಹೋಗಿ ಆನ್‌ಲೈನ್‌ನಲ್ಲಿ ಒಂದು 'ಏರ್ ಕ್ವಾಲಿಟಿ' ಡಬ್ಬ ತರಿಸಿದೆ. ಕೊಳೆತ ಮೊಟ್ಟೆ ವಾಸನೆಗೆ ಮನೆಯವರೆಲ್ಲ ಮೂಗು ಮುಚ್ಚಿಕೊಂಡು ಕೂತಿದ್ದರೆ ಅದು 'ಗುಡ್' ಅಂತ ತೋರಿಸುತ್ತಾ ನಗುತ್ತಿತ್ತು. ಮರುದಿನ ಅತ್ತೆ ಮೀನು ಹುರಿದರು ನೋಡಿ, ಡಬ್ಬ ಕೆಂಪಾಗಿ ಕೂಗಲು ಶುರು. ಅದರ ಮರ್ಮ ಏನು ಅಂತ ಯಾರಾದರೂ ಬಿಡಿಸಿ ಹೇಳಿ.

ಹಳೇ ಲ್ಯಾಬ್:
ನಿಮ್ಮ ಡಬ್ಬದೊಳಗೆ ಇರುವುದು ಧೂಳು ನೋಡುವ ಕಣ್ಣು. ಮೀನು ಹುರಿದಾಗ ಎಣ್ಣೆ ಹೊಗೆಯ ಸಣ್ಣ ಕಣ ಏಳುತ್ತದೆ, ಅದಕ್ಕೆ ಕಂಡಿತು. ಕೊಳೆತ ಮೊಟ್ಟೆ ವಾಸನೆ ಹೈಡ್ರೋಜನ್ ಸಲ್ಫೈಡ್ ಅನಿಲ. ಅದು ಕಣ ಅಲ್ಲ, ಅದಕ್ಕೆ ಕಾಣಲಿಲ್ಲ.
ದೊಡ್ಡ ಯಂತ್ರದಲ್ಲೂ ಇದೇ ಸಮಸ್ಯೆ. 2015ರಲ್ಲಿ ಶುರುವಾದ ನಮ್ಮ ದೇಶದ ಎಕ್ಯೂಐ ನೋಡುವುದು ಎಂಟೇ ವಸ್ತುಗಳನ್ನು: ಎರಡು ಗಾತ್ರದ ಧೂಳು, ನೈಟ್ರೋಜನ್ ಡೈಆಕ್ಸೈಡ್, ಸಲ್ಫರ್ ಡೈಆಕ್ಸೈಡ್, ಕಾರ್ಬನ್ ಮೊನಾಕ್ಸೈಡ್, ಓಜೋನ್, ಅಮೋನಿಯಾ, ಸೀಸ. ಅದರಲ್ಲೂ ಮೂರು ಇದ್ದರೆ ಸಾಕು, ಒಂದು ಧೂಳಾಗಿರಬೇಕು. ಹೈಡ್ರೋಜನ್ ಸಲ್ಫೈಡ್ ಆ ಪಟ್ಟಿಯಲ್ಲೇ ಇಲ್ಲ. ಔಷಧಿ, ಬಣ್ಣ, ಪ್ಲಾಸ್ಟಿಕ್ ಕಾರ್ಖಾನೆಗಳಲ್ಲಿ ಕರಗಿಸಲು ಬಳಸುವ ಸಾಲ್ವೆಂಟ್‌ಗಳೂ ಇಲ್ಲ. 2020ರ ಮೇ 7ರ ಬೆಳಗಿನ ಜಾವ ವಿಶಾಖಪಟ್ಟಣದ ಆರ್.ಆರ್. ವೆಂಕಟಾಪುರದಲ್ಲಿ ಸೋರಿದ್ದು ಸ್ಟೈರೀನ್ ಅನ್ನುವ, ಪ್ಲಾಸ್ಟಿಕ್ ಮಾಡಲು ಬಳಸುವ ರಾಸಾಯನಿಕ. ಅದೂ ಈ ಪಟ್ಟಿಯಲ್ಲಿ ಇಲ್ಲದ್ದೇ. ಅಂದರೆ ಊರು ನಾರುತ್ತಿದ್ದರೂ ಎಕ್ಯೂಐ 'ಉತ್ತಮ' ಇರಬಹುದು. ಎರಡೂ ಏಕಕಾಲಕ್ಕೆ ನಿಜ.

ಯಾದಗಿರಿ ಹುಡುಗ:
ಇದನ್ನು ನಮ್ಮ ಕಡೇಚೂರು-ಬಾಡಿಯಾಳ ಕೈಗಾರಿಕಾ ಪ್ರದೇಶದ ಸುತ್ತಲಿನ ಜನಕ್ಕೆ ಓದಿ ಹೇಳಬೇಕು. ನಮ್ಮಲ್ಲೂ ರಾತ್ರಿಯಾದರೆ ಕೆಮಿಕಲ್ ವಾಸನೆ, ಕಣ್ಣುರಿ, ಮಕ್ಕಳು ನಿದ್ದೆ ಮಾಡುವುದಿಲ್ಲ. ಜಿಲ್ಲೆಯ ಯಂತ್ರ ಇರುವುದು ಯಾದಗಿರಿಯ ಡಿಸಿ ಆಫೀಸ್ ಹತ್ತಿರ. ಹಂಗಾದರೆ ನಾವು ಅನಿಲದ ಮೀಟರ್ ತಗೊಂಡರೆ ಆಗುತ್ತದಾ? ಹೈಡ್ರೋಜನ್ ಸಲ್ಫೈಡ್ ಮೀಟರ್ ಅಂತ ಸಣ್ಣದು ಮಾರುತ್ತಾರಲ್ಲ, ಬೆಲ್ಟಿಗೆ ಸಿಗಿಸುವಂಥದ್ದು.

ಹಳೇ ಲ್ಯಾಬ್:
ತಗೊಂಡು ಮೋಸ ಹೋಗಬೇಡಪ್ಪ. ಅದು ಕಾರ್ಮಿಕರ ಜೀವ ಉಳಿಸಲು ಮಾಡಿದ್ದು. ಹತ್ತು ಲಕ್ಷದಲ್ಲಿ ಇಷ್ಟು ಭಾಗ, ಅಂದರೆ ಪಿಪಿಎಂ ಲೆಕ್ಕದಲ್ಲಿ ಕೂಗುತ್ತದೆ. ನಮ್ಮ ಮೂಗು ಹೈಡ್ರೋಜನ್ ಸಲ್ಫೈಡನ್ನು ಅದಕ್ಕಿಂತ ನೂರಾರು ಪಾಲು ಕಡಿಮೆ ಇದ್ದಾಗಲೇ ಹಿಡಿಯುತ್ತದೆ. ಹಾಗಾಗಿ ಊರೆಲ್ಲ ನಾರುವಾಗ ಆ ಮೀಟರ್ ಸೊನ್ನೆ ತೋರಿಸುತ್ತದೆ, ಆ ಸೊನ್ನೆಯ ಫೋಟೋವನ್ನೇ ನಾಳೆ ನಿಮ್ಮ ವಿರುದ್ಧ ತೋರಿಸುತ್ತಾರೆ. ಇನ್ನೊಂದು ಮಾತು ನೆನಪಿಟ್ಟುಕೊಳ್ಳಿ. ಅನಿಲ ತುಂಬಾ ಜಾಸ್ತಿಯಾದರೆ, 100 ಪಿಪಿಎಂ ಆಸುಪಾಸು, ಮೂಗು ಮರಗಟ್ಟಿ ವಾಸನೆಯೇ ತಿಳಿಯುವುದಿಲ್ಲ. 'ವಾಸನೆ ಹೋಯಿತು, ಈಗ ಪರವಾಗಿಲ್ಲ' ಅಂತ ಫ್ಯಾಕ್ಟರಿ ಮೋರಿ ಕಡೆಯೋ ಮ್ಯಾನ್‌ಹೋಲ್ ಕಡೆಯೋ ಹೋಗುವುದು ಪ್ರಾಣಕ್ಕೆ ಎರವಾಗುತ್ತದೆ.

ಕಡಲೂರು ಕನ್ನಡಿಗ:
ವಾಸನೆಯನ್ನೇ ಸಾಕ್ಷಿ ಮಾಡಿದ ಊರು ಒಂದಿದೆ. ನಾನು ಕೆಲಸಕ್ಕೆ ತಮಿಳುನಾಡಿಗೆ ಬಂದು ಇಲ್ಲೇ ಉಳಿದವನು. ಕಡಲೂರಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಸುತ್ತಲಿನ ಹಳ್ಳಿ ಜನ 2004ರ ಹೊತ್ತಿಗೆ ತಮ್ಮದೇ ಒಂದು ನಿಗಾ ಗುಂಪು ಕಟ್ಟಿದರು. ಹಳ್ಳಿಯ ಜನಕ್ಕೇ ತರಬೇತಿ. ಯಾವ ಹೊತ್ತಲ್ಲಿ, ಯಾವ ಜಾಗದಲ್ಲಿ, ಎಂಥಾ ವಾಸನೆ, ಮೈಗೆ ಏನಾಯಿತು, ಎಲ್ಲಾ ಬರೆದಿಡುತ್ತಿದ್ದರು. ಕೊಳೆತ ಮೊಟ್ಟೆ, ಕೊಳೆತ ಎಲೆಕೋಸು, ನೇಲ್ ಪಾಲಿಶ್, ಹೀಗೆ ತಮಗೆ ಗೊತ್ತಿರುವ ಮಾತಲ್ಲೇ.
ಜೊತೆಗೆ ಬಕೆಟ್. ಪ್ಲಾಸ್ಟಿಕ್ ಬಕೆಟ್ಟಿನೊಳಗೆ ಟೆಡ್ಲಾರ್ ಅನ್ನುವ ವಿಶೇಷ ಚೀಲ. ಬಕೆಟ್ ಮುಚ್ಚಿ ಒಳಗಿನ ಗಾಳಿಯನ್ನು ಪಂಪಿನಿಂದ ಎಳೆದರೆ ಚೀಲ ಹಿಗ್ಗಿ ಹೊರಗಿನ ಗಾಳಿ ತುಂಬಿಕೊಳ್ಳುತ್ತದೆ. ಅದನ್ನು ಸೀಲ್ ಮಾಡಿ ಲ್ಯಾಬಿಗೆ. ಈ ಉಪಾಯ ಹುಟ್ಟಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದ ರೋಡಿಯೋ ಅನ್ನುವ ಊರಲ್ಲಿ. 1994ರಲ್ಲಿ ಅಲ್ಲಿನ ತೈಲ ಶುದ್ಧೀಕರಣ ಘಟಕದಿಂದ ದಿನಗಟ್ಟಲೆ ರಾಸಾಯನಿಕ ಸೋರಿತ್ತು. ಅಳೆಯುವವರು ಬರುವಷ್ಟರಲ್ಲಿ ಗಾಳಿ ಹಾರಿಹೋಗಿರುತ್ತದೆ ಅನ್ನುವ ಸಿಟ್ಟಿಗೆ, ಒಬ್ಬ ವಕೀಲರು ಅಗ್ಗದ ಬಕೆಟ್ ಮಾಡಿಸಿದರು. ಕೊಪ್ಪಳದ ತಮ್ಮನ ಜೀಪಿನ ಕಥೆ ಓದಿದಾಗ ಅದೇ ನೆನಪಾಯಿತು.

ಯಾದಗಿರಿ ಹುಡುಗ:
ಖರ್ಚು ಎಷ್ಟಾಗಬಹುದು ಅಣ್ಣಾ?

ಕಡಲೂರು ಕನ್ನಡಿಗ:
ಬಕೆಟ್ಟಿಗೆ ಖರ್ಚು ಕಡಿಮೆ, ಲ್ಯಾಬಿಗೆ ಜಾಸ್ತಿ. ಒಂದೊಂದು ಮಾದರಿಗೂ ಸಾವಿರಗಟ್ಟಲೆ ಬಿಲ್ ಬರುತ್ತದೆ. ಮತ್ತೆ ಗಂಧಕದ ಅನಿಲಗಳು ಚೀಲದಲ್ಲಿ ಬಹಳ ಹೊತ್ತು ಉಳಿಯುವುದಿಲ್ಲ, ಮರುದಿನವೇ ಲ್ಯಾಬ್ ಮುಟ್ಟಬೇಕು. ಹಾಗಾಗಿ ದಿನಾ ಮಾಡುವ ಕೆಲಸ ಅಲ್ಲ ಇದು. ವಾಸನೆ ಪುಸ್ತಕದಲ್ಲಿ ಒಂದು ಲಯ ಕಂಡ ಮೇಲೆ, ಯಾವ ರಾತ್ರಿ ಯಾವ ಮೂಲೆಯಲ್ಲಿ ಹಿಡಿಯಬೇಕು ಅಂತ ಗೊತ್ತಾದ ಮೇಲೆ, ಲ್ಯಾಬಿನ ಹತ್ತಿರ ಮೊದಲೇ ಮಾತಾಡಿಕೊಂಡು ಮಾಡಬೇಕು.

ಕೊಪ್ಪಳದ ತಮ್ಮ:
ನಮ್ಮದು ಧೂಳು. ಮೀಟರ್ ಹೇಳಿ ಅಣ್ಣಂದಿರೇ, ಪಟ್ಟಿ ಎತ್ತುವವರು ದಿನಾ ಕೇಳುತ್ತಿದ್ದಾರೆ.

ತಿರುಪುಳಿ:
ಹೇಳುತ್ತೇನೆ. ಅಗ್ಗದ ಮೀಟರ್‌ಗಳ ಒಳಗೆ ಒಂದು ಸಣ್ಣ ಲೇಸರ್, ಒಂದು ಫ್ಯಾನ್ ಇರುತ್ತವೆ. ಗಾಳಿಯಲ್ಲಿರುವ ಕಣಕ್ಕೆ ಬೆಳಕು ತಾಗಿ ಚೆದುರುತ್ತದೆ, ಅದನ್ನು ಎಣಿಸಿ ಪಿಎಂ 2.5 ಇಷ್ಟು ಅಂತ ಲೆಕ್ಕ ಹಾಕುತ್ತದೆ. ಪ್ಲಾಂಟವರ್ ಪಿಎಂಎಸ್ 5003, ನೋವಾ ಎಸ್‌ಡಿಎಸ್ 011, ಇವು ಜಗತ್ತಿನಾದ್ಯಂತ ಬಳಸುವ ಸೆನ್ಸರ್. ಸೆನ್ಸರ್ ಮಾತ್ರ ಆದರೆ ಕೆಲವೇ ಸಾವಿರ. ಡಬ್ಬ, ಗಡಿಯಾರ, ಮೆಮೊರಿ ಕಾರ್ಡ್ ಸೇರಿದರೂ ಊರಿಗೆ ಭಾರ ಆಗುವುದಿಲ್ಲ. ಸರ್ಕಾರಿ ಯಂತ್ರಗಳಿಗೆ ಲಕ್ಷಗಳಲ್ಲಿ ಬೆಲೆ, ಅದರ ಆಸೆ ಬಿಡಿ.
ಈಗ ಕೆಟ್ಟ ಸುದ್ದಿ. ಒಂದು, ಇವು ದಪ್ಪ ಧೂಳನ್ನು ಸರಿಯಾಗಿ ಕಾಣುವುದಿಲ್ಲ. ಡಬ್ಬ ಪಿಎಂ 10 (ಪಿಎಂ 2.5ಕ್ಕಿಂತ ದಪ್ಪ ಕಣವೂ ಸೇರಿದ ಧೂಳು) ಅಂತ ಒಂದು ಅಂಕಿ ತೋರಿಸುತ್ತದೆ, ಅದನ್ನು ನಂಬಬೇಡಿ, ನಿಜಕ್ಕಿಂತ ಬಹಳ ಕಡಿಮೆ ಇರುತ್ತದೆ. ನಿಮ್ಮ ಮಾಳಿಗೆ ಮೇಲೆ ಬೀಳುವ ಕಪ್ಪು ಪುಡಿ ದಪ್ಪ ಕಣವೇ, ಇಲ್ಲದಿದ್ದರೆ ಬೀಳುತ್ತಲೇ ಇರಲಿಲ್ಲ. ಎರಡು, ಗಾಳಿಯಲ್ಲಿ ತೇವ ಜಾಸ್ತಿಯಾದರೆ ಕಣ ನೀರು ಕುಡಿದು ಊದುತ್ತದೆ, ಮೀಟರ್ ಹೆಚ್ಚಿಗೆ ತೋರಿಸುತ್ತದೆ. ಮಂಜು ಬಿದ್ದ ಬೆಳಗಿನ ಅಂಕಿ ಹಿಡಿದುಕೊಂಡು ಹೋದರೆ ಅವರ ಎಂಜಿನಿಯರ್ ನಿಮ್ಮನ್ನು ಅಲ್ಲೇ ಮಕಾಡೆ ಮಲಗಿಸುತ್ತಾನೆ. ಅದಕ್ಕೇ ತೇವಾಂಶ ಅಳೆಯುವ ಸೆನ್ಸರ್ ಅದೇ ಡಬ್ಬದಲ್ಲಿ ಇರಲೇಬೇಕು. ಮೂರು, ಒಂದೇ ಮೀಟರ್ ತರಬೇಡಿ. ಎರಡು ಅಥವಾ ಮೂರು ತನ್ನಿ, ಮೊದಲು ಎಲ್ಲವನ್ನೂ ಒಂದೇ ಜಾಗದಲ್ಲಿ ಅಕ್ಕಪಕ್ಕ ಇಟ್ಟು ಒಂದೇ ಮಾತು ಹೇಳುತ್ತವಾ ನೋಡಿ. ಸಾಧ್ಯವಾದರೆ ದಿವಟರ್ ನಗರದ ಯಂತ್ರದ ಹತ್ತಿರದ ಯಾವುದಾದರೂ ಮಾಳಿಗೆ ಮೇಲೆ ಸ್ವಲ್ಪ ದಿನ ಇಡಿ. ಸರ್ಕಾರಿ ಅಂಕಿ ಪಕ್ಕದಲ್ಲಿ ನಿಮ್ಮದನ್ನು ಇಟ್ಟು, ಎಷ್ಟು ಹೆಚ್ಚು ಕಡಿಮೆ ಅಂತ ಬರೆದಿಟ್ಟುಕೊಳ್ಳಿ. ಈ ಒಂದು ಕೆಲಸ ಮಾಡಿದ ಗುಂಪಿನ ಅಂಕಿಗೂ ಮಾಡದ ಗುಂಪಿನ ಅಂಕಿಗೂ ಬೆಲೆಯಲ್ಲಿ ಅಜಗಜಾಂತರ.

ಅಕ್ಕೋರು:
ಎಲ್ಲಿ ಇಡಬೇಕು? ಶಾಲೆ ಮಾಳಿಗೆ ಆಗುತ್ತದಾ? ಮನೆಗಳಲ್ಲಿ ಬೆಳಿಗ್ಗೆ ರೊಟ್ಟಿ ಬಡಿಯುವಾಗ ಒಲೆ ಹೊಗೆ ಇರುತ್ತದಲ್ಲ.

ತಿರುಪುಳಿ:
ಅಕ್ಕೋರೆ, ಅದನ್ನು ನೀವೇ ಹೇಳಿದ್ದು ಒಳ್ಳೆಯದಾಯಿತು. ರೊಟ್ಟಿ ಹೊತ್ತಿನ ಏರಿಕೆ ಎಲ್ಲಾ ಹಳ್ಳಿ ಮೀಟರಿನಲ್ಲೂ ಕಾಣುತ್ತದೆ. ಶಾಲೆ ಮಾಳಿಗೆ ಚೆನ್ನಾಗಿದೆ, ಬಿಸಿಯೂಟದ ಕೋಣೆಯಿಂದ ದೂರದ ತುದಿಯಲ್ಲಿ, ಮಳೆ ಬೀಳದಂತೆ ಆದರೆ ಗಾಳಿ ಆಡುವಂತೆ. ರಸ್ತೆಗೆ ಅಂಟಿಕೊಂಡು ಬೇಡ. ರಾತ್ರಿ ಕರೆಂಟು ಹೋಗುತ್ತದೆ, ಪವರ್ ಬ್ಯಾಂಕ್ ಇಡಿ. ಕರೆಂಟು ಹೋದಾಗಲೇ ಅಲ್ವಾ ಮುಚ್ಚಳ ತೆರೆಯುವ ಸಂಭವ ಜಾಸ್ತಿ, ಆಗಲೇ ಮೀಟರ್ ಸತ್ತಿದ್ದರೆ ಏನು ಬಂತು. ವೈಫೈ ನಂಬಬೇಡಿ, ಮೆಮೊರಿ ಕಾರ್ಡಿಗೆ ಬರೆಯಲಿ. ಮೀಟರಿನ ಗಡಿಯಾರ ಸರಿ ಇದೆಯಾ ಅಂತ ವಾರಕ್ಕೊಮ್ಮೆ ಮೊಬೈಲಿನ ಜೊತೆ ತಾಳೆ ನೋಡಿ.

ಹಳೇ ಲ್ಯಾಬ್:
ದಪ್ಪ ಧೂಳಿಗೆ ಹಳೆಯ ದಾರಿಯೇ ಸರಿ. ಅಗಲ ಬಾಯಿಯ ಒಂದೇ ಅಳತೆಯ ಸ್ಟೀಲ್ ಡಬ್ಬಿಗಳನ್ನು ನಾಲ್ಕೈದು ಮಾಳಿಗೆ ಮೇಲೆ ಇಡಿ. ತಿಂಗಳಿಗೊಮ್ಮೆ ಬಿದ್ದ ಧೂಳನ್ನು ತೊಳೆದು, ಒಣಗಿಸಿ, ತೂಕ ಮಾಡಿಸಿ. ಕಾಲೇಜಿನ ಕೆಮಿಸ್ಟ್ರಿ ಲ್ಯಾಬ್‌ನ ತಕ್ಕಡಿ ಸಾಕು. ಫ್ಯಾಕ್ಟರಿಯಿಂದ ದೂರದ ಇನ್ನೊಂದು ಊರಲ್ಲೂ ಒಂದು ಡಬ್ಬಿ ಇರಲಿ, ಹೋಲಿಸಲು ಬೇಕು. ಘಟನೆಯಾದ ಬೆಳಿಗ್ಗೆ ಒಂದಷ್ಟು ಪುಡಿಯನ್ನು ಶುದ್ಧ ಕಾಗದದಲ್ಲಿ ಕಟ್ಟಿ, ಜಾಗ, ದಿನ, ಹೊತ್ತು ಬರೆದು, ಇಬ್ಬರು ಸಹಿ ಹಾಕಿ ಎತ್ತಿಡಿ.
ಅಯಸ್ಕಾಂತ ಹಿಡಿದು ನೋಡುವವರೂ ಇದ್ದಾರೆ. ನೋಡಿ, ತಪ್ಪಿಲ್ಲ. ಸ್ಪಾಂಜ್ ಐರನ್ ಪುಡಿ ಎದ್ದು ಅಂಟುತ್ತದೆ, ಕಲ್ಲಿದ್ದಲಿನ ಮಸಿ ಅಂಟುವುದಿಲ್ಲ. ಆದರೆ ಅಂಟಿದ್ದು ಕಬ್ಬಿಣ ಅಂತ ಗೊತ್ತಾಗುತ್ತದೆಯೇ ಹೊರತು ಯಾರ ಕಬ್ಬಿಣ ಅಂತ ಅಲ್ಲ. ಸುತ್ತ ಅಷ್ಟು ಫ್ಯಾಕ್ಟರಿ ಇರುವಾಗ ಅದನ್ನು ಹೇಳುವುದು ಗಾಳಿಯ ದಿಕ್ಕು. ಮಾಳಿಗೆ ಮೇಲೆ ಒಂದು ಬಟ್ಟೆ ಪಟ್ಟಿ ಕಟ್ಟಿ, ಅದು ಯಾವ ಕಡೆ ಹಾರುತ್ತಿತ್ತು ಅಂತ ಫೋಟೋ ತೆಗೆದರೂ ಆಯಿತು. ಮಳೆಗಾಲದಲ್ಲಿ ನಿಮ್ಮ ಕಡೆ ಗಾಳಿ ಪಡುವಣದಿಂದ, ಚಳಿಗಾಲದಲ್ಲಿ ಹೆಚ್ಚಾಗಿ ಮೂಡಣದಿಂದ. ಚಳಿಗಾಲದ ರಾತ್ರಿ ನೆಲದ ಹತ್ತಿರದ ಗಾಳಿ ತಣ್ಣಗಾಗಿ ಕೂತುಬಿಡುತ್ತದೆ, ಹೊಗೆ ಮೇಲೆ ಏಳುವುದಿಲ್ಲ. ಅಷ್ಟೇ ಹೊಗೆ ಬಿಟ್ಟರೂ ಊರಿಗೆ ಎರಡು ಪಟ್ಟು ಕಾಟ ಆಗಬಹುದು.

ಶಿಫ್ಟ್ ಬಿ:
ಹಂಗಾದರೆ ಒಂದು ಡಬ್ಬಿ ರಸ್ತೆ ಪಕ್ಕಕ್ಕೂ ಇಡಿ. ಲಾರಿ ಧೂಳು ಎಷ್ಟು ಅಂತ ಅದೂ ಲೆಕ್ಕಕ್ಕೆ ಬರಲಿ. ಆಗ ನಾನೂ ಒಪ್ಪುತ್ತೇನೆ.

ಕೊಪ್ಪಳದ ತಮ್ಮ:
ಇಡೋಣ ಅಣ್ಣಾ. ಡಬ್ಬಿ ನೀವೇ ಕಾಯಬೇಕು ಮತ್ತೆ.

ಒಪಿಡಿ:
ತಾಲ್ಲೂಕು ಮಟ್ಟದಲ್ಲಿ ಕೆಲಸ ಮಾಡುವ ಡಾಕ್ಟರ್ ನಾನು. ಇಲ್ಲಿ ಎಲ್ಲರೂ ಯಂತ್ರದ ಮಾತಾಡುತ್ತಿದ್ದೀರಿ, ಮೈ ಮರೆತಿದ್ದೀರಿ. ಆಸ್ತಮಾ ಇರುವವರ ಮನೆಯಲ್ಲಿ ಪೀಕ್ ಫ್ಲೋ ಮೀಟರ್ ಅಂತ ಒಂದು ಊದುವ ಕೊಳವೆ ಇಡಿ. ಮೆಡಿಕಲ್ ಶಾಪಿನಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಬೆಳಿಗ್ಗೆ ಸಂಜೆ ಊದಿ ಅಂಕಿ ಬರೆದಿಡಿ. ಹೊಗೆ ಬಂದ ಮರುದಿನ ಅದು ಕುಸಿದರೆ ಚಿಕಿತ್ಸೆಗೂ ಉಪಯೋಗ, ದಾಖಲೆಗೂ ಉಪಯೋಗ. ಆಸ್ಪತ್ರೆಗೆ ಬಂದರೆ 'ರಾತ್ರಿ ಇಷ್ಟು ಗಂಟೆಗೆ ಹೊಗೆ ಬಂದ ಮೇಲೆ ಶುರುವಾಯಿತು' ಅಂತ ಬಾಯಿಬಿಟ್ಟು ಹೇಳಿ, ಚೀಟಿಯಲ್ಲಿ ಬರೆಯಲು ಕೇಳಿ. ಸುಮ್ನೆ 'ಕೆಮ್ಮು' ಅಂದರೆ ನಾವು ಕೆಮ್ಮು ಅಂತಲೇ ಬರೆಯುತ್ತೇವೆ. ಎನ್95 ಮಾಸ್ಕ್ ಧೂಳಿಗೆ ತಡೆ, ವಾಸನೆಯ ಅನಿಲಕ್ಕೆ ಅಲ್ಲ. ಯಾದಗಿರಿ, ಸುರತ್ಕಲ್‌ನವರು ಇದನ್ನು ಗಮನಿಸಿ. ಮತ್ತೆ, ಮಕ್ಕಳ ಹೆಸರು, ಕಾಯಿಲೆ ಎಲ್ಲಾ ಸೇರಿಸಿದ ಪಟ್ಟಿಯನ್ನು ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಬೇಡಿ, ದಯವಿಟ್ಟು.

ಕಡತ:
ಈಗ ನನ್ನ ಪಾಳಿ. ತಮ್ಮ ಮೊದಲೇ ಕೇಳಿದ್ದ, ಯಾರಾದರೂ ನಂಬುತ್ತಾರಾ ಅಂತ. ನೇರವಾಗಿ ಹೇಳುತ್ತೇನೆ. 1981ರ ವಾಯು ಕಾಯ್ದೆಯ 26ನೇ ಸೆಕ್ಷನ್ ಪ್ರಕಾರ ಚಿಮಣಿಯ ಮಾದರಿ ತೆಗೆಯುವ ಅಧಿಕಾರ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ. ನೋಟಿಸ್ ಕೊಟ್ಟು, ಸೀಲ್ ಮಾಡಿ, ಅದರದ್ದೇ ಕ್ರಮ ಇದೆ. ನಿಮ್ಮ ಮೀಟರಿನ ಅಂಕಿ ಅದರ ಜಾಗದಲ್ಲಿ ನಿಲ್ಲುವುದಿಲ್ಲ. ಹಾಗಾದರೆ ಯಾಕೆ ಬೇಕು? ಜೀಪನ್ನು ಮಧ್ಯಾಹ್ನದ ಬದಲು ರಾತ್ರಿ ತರಿಸಲು ಬೇಕು.
ಬಿಡಿಸಿ ಹೇಳುತ್ತೇನೆ. ಮಂಡಳಿಗಳು ಕೈಯಿಂದ ಮಾದರಿ ತೆಗೆಯುವ ಕೇಂದ್ರಗಳಲ್ಲಿ ವಾರಕ್ಕೆ ಎರಡು ದಿನ, ವರ್ಷಕ್ಕೆ 104 ದಿನ ಅಳೆಯುವುದು ರೂಢಿ. ನಿಮ್ಮ ಕಪ್ಪು ರಾತ್ರಿ ಉಳಿದ 261 ದಿನಗಳಲ್ಲಿ ಬಿದ್ದರೆ ಕಾಗದದಲ್ಲಿ ಅದು ನಡೆದೇ ಇಲ್ಲ. ನೀವು ಬರೀ 'ಧೂಳು ಜಾಸ್ತಿ' ಅಂತ ಅರ್ಜಿ ಕೊಟ್ಟರೆ ಅವರಿಗೆ ಅನುಕೂಲವಾದ ದಿನ ಬರುತ್ತಾರೆ. 'ಇಂಥಿಂಥ ತಾರೀಕುಗಳಲ್ಲಿ ರಾತ್ರಿ 1ರಿಂದ 4ರ ನಡುವೆ, ಗಾಳಿ ಈ ಕಡೆಯಿಂದ ಇದ್ದಾಗ, ಈ ಮೂರು ಮಾಳಿಗೆಗಳಲ್ಲಿ ಏಕಕಾಲಕ್ಕೆ ಏರಿದೆ, ಆ ಹೊತ್ತಿನಲ್ಲಿ ಬಂದು ಮಾದರಿ ತೆಗೆಯಿರಿ' ಅಂತ ಕೊಟ್ಟರೆ, ಮಧ್ಯಾಹ್ನ ಬಂದವರು ಯಾಕೆ ಮಧ್ಯಾಹ್ನ ಬಂದೆವು ಅಂತ ಉತ್ತರ ಬರೆಯಬೇಕಾಗುತ್ತದೆ. ಫೋನ್ ಕರೆಗೆ ದಾಖಲೆ ಇಲ್ಲ. ಬರಹದಲ್ಲಿ ಕೊಟ್ಟು, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.
ಜೊತೆಗೆ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ. ಫ್ಯಾಕ್ಟರಿಗೆ ಕೊಟ್ಟ ಸಮ್ಮತಿ ಪತ್ರ ಮತ್ತು ಅದರ ಷರತ್ತುಗಳು, ಆ ತಿಂಗಳ ಚಿಮಣಿ ಪರೀಕ್ಷೆ ವರದಿ, ಸ್ಥಳ ತನಿಖೆ ವರದಿ, ಮತ್ತೆ ಮುಖ್ಯವಾಗಿ ಆನ್‌ಲೈನ್ ಚಿಮಣಿ ಮೀಟರಿನ ಅಂಕಿ. ಹೆಚ್ಚು ಮಾಲಿನ್ಯ ಮಾಡುವ 17 ಬಗೆಯ ಕೈಗಾರಿಕೆಗಳು ಚಿಮಣಿಗೇ ಮೀಟರ್ ಕೂರಿಸಿ ಮಂಡಳಿಗೆ ನೇರ ಅಂಕಿ ಕಳಿಸಬೇಕು ಅಂತ ಕೇಂದ್ರ ಮಂಡಳಿ 2014ರಲ್ಲೇ ಹೇಳಿದೆ, ಉಕ್ಕು ಅದರಲ್ಲಿ ಇದೆ. ನೀವು ಬರೆದಿಟ್ಟ ರಾತ್ರಿಗಳ ಅಂಕಿಯನ್ನು ಗಂಟೆವಾರು ಕೇಳಿ. ಆ ಹೊತ್ತಿಗೇ ಸರಿಯಾಗಿ 'ಸಂಪರ್ಕ ಕಡಿತ' ಅಂತ ಬಂದರೆ ಅದೂ ಒಂದು ಉತ್ತರವೇ.

ಶಿಫ್ಟ್ ಬಿ:
ಆ ಮೀಟರ್ ಚಿಮಣಿಗೆ ಇರುತ್ತದೆ. ಎಮರ್ಜೆನ್ಸಿ ಮುಚ್ಚಳದಿಂದ ಹೋದದ್ದು ಆ ಮೀಟರ್ ಮುಂದೆ ಹಾಯುವುದೇ ಇಲ್ಲ ಅಂತ ಸೇರಿಸಿಕೊಳ್ಳಿ. ಲಾಗ್ ಪುಸ್ತಕದ ನಕಲೂ ಕೇಳಿ.

ಕಡತ:
ನೋಡಿ, ಇದು ನನಗೆ ಹೊಳೆದಿರಲಿಲ್ಲ. ಧನ್ಯವಾದ ಅಣ್ಣಾ.
ಮುಂದಿನದ್ದು ಚುಟುಕಾಗಿ. ಮಂಡಳಿ ಏನೂ ಮಾಡದಿದ್ದರೆ ಅದೇ ವಾಯು ಕಾಯ್ದೆಯ 43ನೇ ಸೆಕ್ಷನ್ ಪ್ರಕಾರ 60 ದಿನದ ನೋಟಿಸ್ ಕೊಟ್ಟು ಯಾವ ನಾಗರಿಕನಾದರೂ ತಾನೇ ದೂರು ಹೂಡಬಹುದು. ಇಲ್ಲವಾದರೆ ಚೆನ್ನೈನ ಹಸಿರು ನ್ಯಾಯಮಂಡಳಿ ಪೀಠ. ಅದಕ್ಕೆ ಸಾಕ್ಷ್ಯ ಕಾಯ್ದೆಯ ಕಟ್ಟು ಇಲ್ಲ, ಹಾಗಾಗಿ ಊರವರ ಪುಸ್ತಕ, ಡಬ್ಬಿ, ಫೋಟೋಗೆ ಅಲ್ಲಿ ಜಾಗ ಇದೆ. ಹೆಚ್ಚಿನ ಸಲ ಜಂಟಿ ಸಮಿತಿ ಮಾಡಿ ಹೋಗಿ ನೋಡಿ ಅನ್ನುತ್ತದೆ. ಆದರೆ ಗಮನಿಸಿ, ವ್ಯಾಜ್ಯದ ಕಾರಣ ಹುಟ್ಟಿದ 6 ತಿಂಗಳ ಒಳಗೆ ಹೋಗಬೇಕು, ಪರಿಹಾರ ಕೇಳುವುದಾದರೆ 5 ವರ್ಷ. ತಾರೀಕು ಬರೆದಿಡಿ ಅಂತ ಎಲ್ಲರೂ ಬಡಿದುಕೊಳ್ಳುತ್ತಿರುವುದು ಇದಕ್ಕೂ ಸೇರಿ.

ಗವಿಮಠ ರಸ್ತೆ:
2025ರ ಫೆಬ್ರವರಿಯಲ್ಲಿ ಹೊಸ ಉಕ್ಕಿನ ಕಾರ್ಖಾನೆ ಬೇಡ ಅಂತ ಗವಿಮಠದ ಸ್ವಾಮೀಜಿಯವರ ಜೊತೆ ಇಡೀ ಕೊಪ್ಪಳ ಬೀದಿಗೆ ಬಂದಿತ್ತಲ್ಲ, ಅವತ್ತು ನಾನೂ ಇದ್ದೆ. ಜನ ಸೇರಿದರೆ ಸರ್ಕಾರ ಕೇಳುತ್ತದೆ. ಡಬ್ಬಿ, ಮೀಟರ್ ಎಲ್ಲಾ ಬೇಕಾ?

ಕಡಲ ಬದಿ:
ಜನ ಸೇರುವುದು ಬರುವ ಕಾರ್ಖಾನೆ ತಡೆಯಲು ಸರಿ. ಬಂದು ಕೂತದ್ದು ರಾತ್ರಿ ಏನು ಮಾಡುತ್ತದೆ ಅಂತ ನೋಡಲು ದಿನಾ ಮೆರವಣಿಗೆ ಮಾಡಲಿಕ್ಕೆ ಆಗುತ್ತದಾ ಮಾರಾಯ್ರೆ?

ಅಕ್ಕೋರು:
ನಾವು ಹೀಗೆ ಮಾಡೋಣ ಅಂತ ಇದ್ದೇವೆ. ಒಂದು ಉದ್ದನೆಯ ನೋಟ್ ಪುಸ್ತಕ. ತಾರೀಕು, ಶುರುವಾದ ಹೊತ್ತು, ನಿಂತ ಹೊತ್ತು, ಗಾಳಿ ಯಾವ ಕಡೆಯಿಂದ, ಬಣ್ಣ ಅಥವಾ ವಾಸನೆ, ಕರೆಂಟು ಇತ್ತಾ, ಮೈಗೆ ಏನಾಯಿತು, ಬರೆದವರ ಸಹಿ. ರಾತ್ರಿ ಎಚ್ಚರ ಇರುವವರು ಬರೆಯಲಿ. ನೀರು ಬಿಡಲು ಹೊಲಕ್ಕೆ ಹೋಗುವವರು ಇದ್ದಾರೆ, ಹಾಲಿನ ಡೈರಿಯವರು ಬೇಗ ಏಳುತ್ತಾರೆ. ಏನೂ ಆಗದ ದಿನ 'ಏನೂ ಇಲ್ಲ' ಅಂತ ಬರೆಯಬೇಕಾ?

ಹಳೇ ಲ್ಯಾಬ್:
ಬರೆಯಲೇಬೇಕು ಅಕ್ಕೋರೆ. ಕೆಟ್ಟ ರಾತ್ರಿ ಮಾತ್ರ ಬರೆದ ಪುಸ್ತಕಕ್ಕೆ ಬೆಲೆ ಕಡಿಮೆ. ಮಕ್ಕಳ ಕೈಯಲ್ಲಿ ಬರೆಸಬೇಡಿ, ಆಮೇಲೆ ಶಾಲೆ ಮೇಲೆ ಒತ್ತಡ ಬರುತ್ತದೆ.

ಕೊಪ್ಪಳದ ತಮ್ಮ:
ಆಯಿತು. ಪಟ್ಟಿ ಎತ್ತುವವರಿಗೆ ಮೂರು ಮೀಟರ್, ಆರು ಸ್ಟೀಲ್ ಡಬ್ಬಿ ಅಂತ ಹೇಳಿದ್ದೇನೆ. ಒಂದು ಡಬ್ಬಿ ರಸ್ತೆ ಪಕ್ಕ, ಶಿಫ್ಟ್ ಬಿ ಅಣ್ಣನ ಪರವಾಗಿ. ತಿರುಪುಳಿ ಅಣ್ಣಾ, ಮೆಮೊರಿ ಕಾರ್ಡ್ ಎಷ್ಟು ಜಿಬಿ ತರಲಿ? ಅಂಗಡಿಯವನು 128 ತಗೊಳ್ಳಿ ಅಂತಿದ್ದಾನೆ.

ತಿರುಪುಳಿ:
ಬೇಡ, 8 ಅಥವಾ 16 ಸಾಕು. ನಿಮಿಷಕ್ಕೊಂದು ಸಾಲು ಬರೆದರೂ ಅದು ವರ್ಷಗಟ್ಟಲೆ ತುಂಬುವುದಿಲ್ಲ, ದೊಡ್ಡ ಕಾರ್ಡನ್ನು ಈ ಸಣ್ಣ ಬೋರ್ಡುಗಳು ಕೆಲವೊಮ್ಮೆ ಓದುವುದೇ ಇಲ್ಲ. ಅಸಲಿ ಕಂಪನಿಯದ್ದು ತನ್ನಿ. ಪ್ರತಿ ಭಾನುವಾರ ನಕಲು ತೆಗೆದು ಇಬ್ಬರ ಕಂಪ್ಯೂಟರಿನಲ್ಲಿ ಇಡಿ, ಒಂದೇ ಮನೆಯವರ ಹತ್ತಿರ ಬೇಡ. ಡಬ್ಬ ಬಂದ ಮೇಲೆ ಇಲ್ಲೇ ಫೋಟೋ ಹಾಕಿ, ವೈರಿಂಗ್ ನಾನು ನೋಡಿ ಹೇಳುತ್ತೇನೆ.